ಇಲ್ಲದ ಮೂರು ಮಹಡಿ

ತೊ ಕ್ವಾ ವಾನ್, ಹಾಂಗ್‌ಕಾಂಗ್
17 ಸೆಪ್ಟೆಂಬರ್ 2023

ಸಾವ್-ಕಿಂಗ್,

ಹನ್ನೆರಡರ ಮೇಲೆ ಒಂದು ಹೆಜ್ಜೆ ಇಟ್ಟರೆ ಹದಿನೈದು, ಇಂಥ ಬಡ್ತಿ ಯಾವ ಆಫೀಸಿನಲ್ಲಿ ಸಿಗುತ್ತದೆ ಎಂದು ಯಾರೋ ನಮ್ಮನ್ನು ಲಿಫ್ಟಿನಲ್ಲಿ ನಗಿಸಿದ್ದರಲ್ಲ, ಅದು ನೀನೋ, ನಿನ್ನ ಗಂಡನೋ? ಎರಡು ದಿನದಿಂದ ಆ ಮಾತು ತಲೆಯಲ್ಲಿದೆ, ದನಿ ಮಾತ್ರ ನೆನಪಾಗುತ್ತಿಲ್ಲ. ಮಕಾವಿಗೆ ಹೋದ ಮೇಲೆ ನೀನು ಬರೆದದ್ದೇ ಕಡಿಮೆ, ಹಾಗಾಗಿ ಇದಕ್ಕೊಂದು ಉತ್ತರ ಬರುತ್ತದೆಂಬ ಭರವಸೆ ನನಗಿಲ್ಲ. ಆದರೂ ಈ ಸಲ ಬೇಕು.

ನಮ್ಮ ಶಾನ್‌ಳ ಮದುವೆ ಗೊತ್ತಾಗಿದೆ. ಹುಡುಗ ಕಿನ್-ಲೋಕ್, ಮೆಟ್ರೋ ರೈಲಿನ ಸಿಗ್ನಲ್ ವಿಭಾಗದಲ್ಲಿದ್ದಾನೆ. ಮಾತು ಕಡಿಮೆ, ಒಳ್ಳೆಯವನು. ಪಂಚಾಂಗ ನೋಡಿ ಡಿಸೆಂಬರ್ ಮೂರು ಎಂದು ನಿಶ್ಚಯಿಸಿದ್ದಾರೆ. ಮೊನ್ನೆ ಬೀಗಿತ್ತಿ ನನ್ನನ್ನು ಚಹಾಕ್ಕೆ ಕರೆದರು. ಸೀಗಡಿ ಕಡುಬಿನ ಬುಟ್ಟಿ ಮೇಜಿಗೆ ಬರುವ ಮೊದಲೇ ಫೋನು ತೆಗೆದು ನನ್ನ ಕಡೆ ತಿರುಗಿಸಿ ಇಟ್ಟರು.

"ತಪ್ಪು ತಿಳ್ಕೋಬೇಡಿ. ಸಿಟ್ ಮೇಷ್ಟ್ರು ಹುಡುಗಿ ಮನೆ ವಿಳಾಸ ಕೇಳಿದ್ರು, ಕೊಟ್ಟೆ. ಫೆಂಗ್‌ಶುಯಿ ನೋಡೋರು ಅಂದ್ಮೇಲೆ ಕೇಳೇ ಕೇಳ್ತಾರೆ. ಆದ್ರೆ ಇದೇನಿದು?"

ಅದು ಆ ಪಟ್ಟಿ, ಸಾವ್-ಕಿಂಗ್. ಅಪಮೃತ್ಯುವಾದ ಮನೆಗಳನ್ನು ಬೀದಿವಾರು ಸೇರಿಸಿ ಯಾರೋ ಇಂಟರ್‌ನೆಟ್ಟಿಗೆ ಹಾಕುತ್ತಾರಲ್ಲ, ಮನೆ ಕೊಳ್ಳುವವರು ಮೊದಲು ತೆರೆಯುವುದು ಅದನ್ನೇ. ಫೂಕ್ ಶಿಂಗ್ ಕಟ್ಟಡ, 15-ಬಿ, ಗಂಡಸು, 2017.

"ನಿಮ್ಮ ಯಜಮಾನ್ರಾ?"

"ಅವ್ರು ಹೋಗಿದ್ದು ಆಸ್ಪತ್ರೇಲಿ, ಅದಕ್ಕೂ ಎಷ್ಟೋ ಮುಂಚೆ. ಇದು ನಮ್ಮನೇದಲ್ಲ."

"ವಿಳಾಸ ನಿಮ್ಮದೇ ಇದೆಯಲ್ಲ?"

"ತಪ್ಪಾಗಿ ಬರ್ದಿದಾರೆ."

"ಎಲ್ರೂ ಹಾಗೇ ಹೇಳ್ತಾರೆ ಅಂತ ಮೇಷ್ಟ್ರು ಮೊದ್ಲೇ ಅಂದಿದ್ರು," ಎಂದರು. ಆಮೇಲೆ, "ಹಾಗಾದ್ರೆ ಯಾವ ಮನೆ?" ಎಂದು ಕೇಳಿದರು. ನಾನು ಚಹಾ ಕುಡಿದೆ.

ಲೆಕ್ಕ ನಿನಗೂ ಗೊತ್ತು. ಈ ಕಟ್ಟಡ ಕಟ್ಟಿದವನು ಅಶುಭವೆಂದು ನಾಲ್ಕನ್ನು ಬಿಟ್ಟ, ಹದಿಮೂರನ್ನು ಬಿಟ್ಟ, ಹದಿನಾಲ್ಕನ್ನು ಬಿಟ್ಟ. ಲಿಫ್ಟಿನ ಗುಂಡಿಗಳಲ್ಲಿ ಆ ಮಹಡಿಗಳಿಲ್ಲ. 2017ರಲ್ಲಿ ಆ ದಿನ ಬಂದ ಪತ್ರಿಕೆಯವನು ಲಿಫ್ಟು ಹತ್ತಲೇ ಇಲ್ಲ. ಬೀದಿಯಲ್ಲಿ ನಿಂತು ಕುತ್ತಿಗೆ ಎತ್ತಿ, ಪೊಲೀಸರು ಓಡಾಡುತ್ತಿದ್ದ ನಿನ್ನ ಕಿಟಕಿಯವರೆಗೆ ಬೆರಳಿನಿಂದ ಎಣಿಸಿದ. ಹದಿನೈದು ಬಂತು, ಹಾಗೇ ಬರೆದ. ಕೆಳಗಿನಿಂದ ಎಣಿಸಿದರೆ ಹದಿನೈದನೆಯದಾಗುವ ನಿನ್ನ ಮನೆಗೆ ನಮ್ಮಲ್ಲಿ ಹದಿನೆಂಟು ಎಂದು ಹೆಸರು. ಹದಿನೈದೆಂಬ ಹೆಸರಿರುವುದು ನನ್ನ ಮನೆಗೆ. ಪತ್ರಿಕೆಯಿಂದ ಅದು ಪಟ್ಟಿಗೆ ಹೋಯಿತು, ಪಟ್ಟಿಯಿಂದ ಬೀಗಿತ್ತಿಯ ಫೋನಿಗೆ ಬಂತು.

ಅವರು ಸಂಬಂಧ ಮುರಿಯುವುದಿಲ್ಲವಂತೆ. ಶಾನ್ ಮದುವೆಯ ದಿನ ಹೋಟೆಲಿನ ಕೋಣೆಯಿಂದ ಹೊರಡಬೇಕು, ನನ್ನ ಬಾಗಿಲಿನಿಂದ ಅಲ್ಲ. ಮೂರನೆಯ ದಿನ ತವರಿಗೆ ಬರುವ ಶಾಸ್ತ್ರ ಬೇಡ. ಆ ಮೇಲೂ ಬೇಡ. ಮುಂದೆ ಮಕ್ಕಳಾದರೆ ಅವೂ ನನ್ನ ಹೊಸ್ತಿಲು ದಾಟಬಾರದು. "ನೀವು ಯಾವಾಗ ಬೇಕಾದ್ರೂ ನಮ್ಮನೆಗೆ ಬನ್ನಿ, ನಿಮ್ಮ ಮನೆ ಅಂತಾನೇ ತಿಳ್ಕೊಳ್ಳಿ," ಎಂದು ಕೊನೆಯ ಕಡುಬನ್ನು ನನ್ನ ಬಟ್ಟಲಿಗೆ ಹಾಕಿದರು.

ನನಗೆ ಬೇಕಾಗಿರುವುದು ನಿನ್ನಿಂದ ಒಂದು ಸಾಲು. ನನ್ನ ಗಂಡ ತೀರಿಕೊಂಡದ್ದು 18-ಬಿಯಲ್ಲಿ ಎಂದು ಬರೆದು, ಕೆಳಗೆ ನಿನ್ನ ಹೆಸರಿನ ಮುದ್ರೆ ಒತ್ತಿ ಕಳಿಸು. ಬೇರೆ ಯಾರನ್ನು ಕೇಳಲಿ? ರೈಲು ನಿಲ್ದಾಣ ಬಂದ ಮೇಲೆ ಹಳಬರಲ್ಲಿ ಅರ್ಧ ಜನ ಮಾರಿಕೊಂಡು ಹೋದರು. ಉಳಿದವರು ತಮ್ಮ ಮನೆಯ ಬೆಲೆ ನೆನೆದು ಬಾಯಿ ಬಿಡುವುದಿಲ್ಲ. ನಿನ್ನ ಬಾಗಿಲನ್ನು ನಾನಾಗಿ ಬೆರಳು ಮಾಡಿ ತೋರಿಸಲಾರೆ. ನೀನೇ ಹೇಳಬೇಕು.

ಯುಕ್-ಲಿನ್

*

ಮಕಾವ್
2 ಅಕ್ಟೋಬರ್ 2023

ಅಕ್ಕ,

ಶಾನ್‌ಗೆ ಮದುವೆಯೇ! ಗುಂಡಿಗೆ ಕೈ ಎಟುಕದೆ, ಮೇಲೆ ಬರಲು ಹದಿನೆಂಟು ಒತ್ತಿ ಎಂದು ಲಿಫ್ಟಿನಲ್ಲಿ ಯಾರು ಯಾರಿಗೋ ಹೇಳುತ್ತಿದ್ದ ಹುಡುಗಿ. ನನ್ನ ಆಶೀರ್ವಾದ ತಿಳಿಸು.

ಇಲ್ಲಿ ಹುಣ್ಣಿಮೆ ಹಬ್ಬದ ಚಂದ್ರ ಮೋಡದಲ್ಲೇ ಉಳಿದ. ನಾದಿನಿ ಉಪ್ಪಿನ ಮೊಟ್ಟೆಯಿಟ್ಟ ಕೇಕನ್ನು ಎಂಟು ತುಂಡು ಮಾಡಿ ಏಳು ತಾನೇ ತಿಂದಳು, ಆಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲಿ ಎಂದು ನನ್ನ ಮೇಲೆ ರೇಗಿದಳು. ಹೊಸ ವರ್ಷದೊಳಗೆ ಅವಳು ಮಗನ ಬಳಿಗೆ ಹೋಗುತ್ತಾಳೆ, ಈ ಮನೆ ಬಾಡಿಗೆಯವರಿಗೆ. "ನಿನ್ನ ವ್ಯವಸ್ಥೆ ನೀನು ನೋಡ್ಕೋ, ಸಾವ್-ಕಿಂಗ್. ನಾನೇನು ನಿನ್ನ ಕಟ್ಕೊಂಡಿದೀನಾ, ನಮ್ಮಣ್ಣ ಕಟ್ಕೊಂಡಿದ್ದ," ಎಂದಳು. ತಮಾಷೆಗೇ ಅಂದದ್ದು. ಅವಳ ತಮಾಷೆಗಳಿಗೆಲ್ಲ ತಾರೀಖು ಇರುತ್ತದೆ.

ನೀನು ಕೇಳಿದ ವಿಷಯ. ಅಕ್ಕ, 18-ಬಿಗೆ ಕೊನೆಗೂ ಗಿರಾಕಿ ಬಂದಿದ್ದಾರೆ. ಗಂಡ ಹೆಂಡತಿ, ಎಳೆಯರು. ಮುಂಗಡ ಆಗಿದೆ. ಕೊನೆಯ ಸಹಿ ಡಿಸೆಂಬರ್ ಹದಿನೈದಕ್ಕೆ. ಆರು ವರ್ಷ ಆ ಮನೆ ಖಾಲಿ ಬಿದ್ದಿತ್ತು. ಅದು ಹೋದರೆ ಗಡಿಯಾಚೆಯ ಚುಹಾಯ್‌ನಲ್ಲಿ ಒಂದು ಸಣ್ಣ ಮನೆ ನೋಡಿದ್ದೇನೆ. ಒಂದು ಕೋಣೆ, ಒಂದು ಕಿಟಕಿ, ಹೊರಗೆ ಒಂದು ಮಾವಿನ ಮರ. ಯಾರ ನಾದಿನಿಯೂ ಇಲ್ಲ.

ಡಿಸೆಂಬರ್ ಹದಿನೈದು ಕಳೆಯಲಿ. ಆಮೇಲೆ ನೀನು ಕೇಳಿದ್ದಕ್ಕಿಂತ ಉದ್ದ ಬರೆದುಕೊಡುತ್ತೇನೆ.

ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ನಾನು ಹೂಂ ಎಂದುಬಿಡುತ್ತೇನೆ. ಅದು ಬೇಡ.

ಸಾವ್-ಕಿಂಗ್

*

ತೊ ಕ್ವಾ ವಾನ್
11 ಅಕ್ಟೋಬರ್ 2023

ಸಾವ್-ಕಿಂಗ್,

ಮದುವೆ ಮೂರಕ್ಕೆ. ನಿನ್ನ ಸಹಿ ಹದಿನೈದಕ್ಕೆ. ತಿರುಗಿಸಿ ಹೇಗೆ ಓದಿದರೂ ಈ ಎರಡು ತಾರೀಖು ತಮ್ಮ ಜಾಗ ಬಿಟ್ಟು ಕದಲುವುದಿಲ್ಲ.

ನಿನ್ನ ಕಾಗದವನ್ನು ಶಾನ್ ಓದಿದಳು. ನಾನು ತೋರಿಸಲಿಲ್ಲ, ಅಕ್ಕಿಯ ಡಬ್ಬದ ಮೇಲೆ ಇಟ್ಟಿದ್ದೆ, ಅಷ್ಟೆ. ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಬಂದು ನಿಂತಳು.

"ಡಿಸೆಂಬರ್ ಹದಿನೈದಾ? ಅಷ್ಟೊತ್ತಿಗೆ ನಾನು ಅವ್ರ ಮನೆ ಪಾತ್ರೆ ತೊಳೀತಿರ್ತೀನಿ."

"ಒಂದು ವಾರ ನೋಡೋಣ. ಮನಸ್ಸು ಮಾಡ್ತಾಳೆ."

"ಅಮ್ಮಾ, ನಾನೇ ಅತ್ತೆಗೆ ಹೇಳ್ತೀನಿ ಬಿಡು. ಹದಿನೆಂಟು-ಬಿ, ವಾ-ಕಿಟ್ ಮಾಮ. ನಾಲ್ಕು ಮಾತು. ಮುಗೀತು."

"ಹೇಳ್ಕೂಡದು."

"ಯಾಕೆ? ಸುಳ್ಳಾ?"

"ಆ ಮನೆ ಬಿಟ್ರೆ ಅವ್ಳಿಗೆ ಬೇರೆ ಏನಿಲ್ಲ."

"ನಮ್ಗೆ ಎಷ್ಟಿದೆ?" ಎಂದಳು. ಕೈ ಬೀಸಿ ತೋರಿಸಿದಳು. ಬೀಸಿದ ಕೈ ಗೋಡೆಗೆ ತಾಗಿತು, ನಮ್ಮ ಮನೆ ಅಷ್ಟೇ ಅಲ್ಲವೇ. ಇಬ್ಬರಿಗೂ ನಗು ಬಂತು, ನಗಲಿಲ್ಲ.

ಕೊನೆಗೆ ಮಾತು ಕೊಟ್ಟಳು. ನಿನ್ನ ಮಹಡಿಯ ಹೆಸರು ಅವಳ ಬಾಯಿಂದ ಬರುವುದಿಲ್ಲ. ನಮ್ಮನೆಯಲ್ಲಿ ಆದದ್ದಲ್ಲ ಎಂದಷ್ಟೇ ಹೇಳುತ್ತ ಬೀಗಿತ್ತಿಯೊಡನೆ ದಿನವೂ ವಾದ ಮಾಡುತ್ತಿದ್ದಾಳೆ. ಕಿನ್-ಲೋಕ್ ಪಾಪ, ಎರಡು ಕಡೆಯೂ ಹಸಿರು ದೀಪ ತೋರಿಸುತ್ತಾನೆ. ಅವನ ಕೆಲಸದಲ್ಲಿ ಹಾಗೆ ಮಾಡಿದರೆ ರೈಲುಗಳು ಡಿಕ್ಕಿ ಹೊಡೆಯುತ್ತವೆ ಎಂದೆ. ತಲೆ ತಗ್ಗಿಸಿದ.

ಅವಳು ಇಲ್ಲಿಂದ ಹೊರಡುವುದನ್ನು ನಾನು ನೋಡಬೇಕು. ಬಾಗಿಲಿಗೆ ಅಡ್ಡ ನಿಂತ ಗೆಳತಿಯರು ಹುಡುಗನನ್ನು ಗೋಳು ಹೊಯ್ದುಕೊಳ್ಳುವುದು, ಅವನು ಒಳಗೆ ಬಂದು ನನಗೆ ಚಹಾ ಕೊಡುವುದು, ಮೂರನೆಯ ದಿನ ಅವಳು ಇದೇ ಹೊಸ್ತಿಲು ದಾಟಿ ಬಂದು ಹಸಿವು ಎನ್ನುವುದು. ಇದು ದೊಡ್ಡ ಆಸೆಯೆಂದು ನನಗೆ ಅನ್ನಿಸಿರಲಿಲ್ಲ. ಈಗ ಬರೆದು ನೋಡಿದರೆ ದೊಡ್ಡದಾಗಿಯೇ ಕಾಣುತ್ತದೆ.

ಒಂದು ಸಾಲು, ಸಾವ್-ಕಿಂಗ್.

ಯುಕ್-ಲಿನ್

*

ತೊ ಕ್ವಾ ವಾನ್
29 ಅಕ್ಟೋಬರ್ 2023

ಸಾವ್-ಕಿಂಗ್,

ನೀನು ಬರೆಯಲಿಲ್ಲ. ನಾನು ಬರೆಯುತ್ತೇನೆ, ಏಕೆಂದರೆ ನಿನ್ನೆ ನಿನ್ನ ಮನೆಯೊಳಗೆ ಇದ್ದೆ.

ಮಾಲೀಕರ ಸಂಘದ ಕಾರ್ಯದರ್ಶಿಯ ಕೆಲಸ ಈ ವರ್ಷ ನನ್ನ ತಲೆಗೆ ಬಂದಿದೆಯೆಂದು ಹೇಳಿದ್ದೆನೋ ಇಲ್ಲವೋ. ಬೆಳಿಗ್ಗೆ ಕಾವಲಿನ ಕ್ವಾನ್ ಮಾಮ ಕೆಳಗಿನಿಂದ ಕರೆದ: "ಮೇಡಮ್, ಹದಿನೆಂಟನ್ನ ನೋಡೋಕೆ ಬಂದಿದಾರೆ, ಸಂಘದೋರು ಒಬ್ರು ಇರ್ಬೇಕಂತೆ." ಹೋದೆ. ಏಜೆಂಟ್ ರೇಮಂಡ್, ಕೊಳ್ಳುವ ಹುಡುಗಿ, ಮತ್ತು ಸಿಟ್ ಮೇಷ್ಟ್ರು. ಹೌದು, ಅವರೇ. ಈ ಭಾಗದಲ್ಲಿ ಮನೆ ಬದಲಾಯಿಸುವವರೆಲ್ಲ ಅವರನ್ನೇ ಕರೆಯುತ್ತಾರೆ. ಅರವತ್ತು ದಾಟಿದ ಮನುಷ್ಯ, ಓಟಗಾರರ ಬೂಟು, ದಿಕ್ಸೂಚಿಯ ತಟ್ಟೆಯನ್ನು ಬ್ಯಾಡ್ಮಿಂಟನ್ ಚೀಲದಲ್ಲಿ ತರುತ್ತಾರೆ.

ಹುಡುಗಿಯ ಹೆಸರು ಯಿನ್-ತಿಂಗ್. ಆರು ತಿಂಗಳ ಬಸುರಿ. ಇದನ್ನು ನೀನು ಬರೆದಿರಲಿಲ್ಲ. ಬಹುಶಃ ನಿನಗೆ ಗೊತ್ತಿಲ್ಲ.

ನಿನ್ನ ಮನೆಯಲ್ಲಿ ಏನೂ ಇಲ್ಲ. ಗೋಡೆಗಳಿಗೆ ಹೊಸ ಬಣ್ಣ ಬಳಿಸಿದ್ದೀಯೆ. ಅಡುಗೆಮನೆ ಗೋಡೆಯ ಬಿಳಿ ಟೈಲುಗಳು ಮಾತ್ರ ಹಳೆಯವು, ನಾವಿಬ್ಬರೂ ಹೋಗಿ ಆರಿಸಿದ್ದು. ನಾನು ಅವುಗಳಿಗೆ ಕೈ ಊರಿ ನಿಂತೆ. ಮೇಷ್ಟ್ರು ತಟ್ಟೆ ಹಿಡಿದು ಕೋಣೆಯಿಂದ ಕೋಣೆಗೆ ಹೋದರು. ಕಾಯ್ ತಕ್‌ನ ಹೊಸ ಗೋಪುರಗಳ ನಡುವೆ ಒಂದು ಬೆರಳಿನಷ್ಟು ಸಮುದ್ರ ಉಳಿದಿದೆಯಲ್ಲ, ಅದನ್ನು ನೋಡಿ ತಲೆಯಾಡಿಸಿದರು.

"ಮೇಷ್ಟ್ರೇ, ಈ ಕೋಣೆ ಯಾಕೋ ತಣ್ಣಗಿದೆ," ಎಂದಳು ಹುಡುಗಿ. ಅವಳು ನಿಂತದ್ದು ಅದು ಆದ ಕೋಣೆಯಲ್ಲೇ.

"ರೇಮಂಡ್‌ಗೆ ಎಸಿ ಆರಿಸೋಕೆ ಹೇಳಮ್ಮ, ಬೆಚ್ಚಗಾಗುತ್ತೆ."

ಎಲ್ಲರೂ ನಕ್ಕರು. ಮೇಷ್ಟ್ರು ತಟ್ಟೆಯ ಮುಚ್ಚಳ ಹಾಕಿ, "ತಗೊಳ್ಳಿ. ಕಣ್ಣೀರು ಬೀಳದ ಮನೆ ಇದು. ನನ್ನ ಕೈಗೆ ಗೊತ್ತಾಗುತ್ತೆ," ಎಂದರು. ಅವರ ಕೈಗಿಂತ ಮೊದಲು ಪಟ್ಟಿಗೆ ಗೊತ್ತಾಗಿತ್ತು. ನಾನು ನೋಡುತ್ತಿದ್ದದ್ದು ಅವರ ಕೈಯನ್ನಲ್ಲ, ಆ ಹುಡುಗಿಯ ಹೊಟ್ಟೆಯನ್ನು.

ಇಳಿಯುವಾಗ ಲಿಫ್ಟಿನಲ್ಲಿ ನಾನು ಹದಿನೈದು ಒತ್ತಿದೆ. ಗುಂಡಿಯನ್ನು ನೋಡಿ ಮೇಷ್ಟ್ರಿಗೆ ನೆನಪಾಯಿತು.

"ಆ ಹದಿನೈದು-ಬಿ ಇದ್ಯಲ್ಲ, ಕಟ್ಟಡದ ಕೆಟ್ಟದ್ದೆಲ್ಲ ಅದೇ ಹೀರ್ಕೊಂಡಿದೆ. ಅದಕ್ಕೇ ಮೇಲಿನ ಮನೆಗಳು ಶುದ್ಧ. ಒಂದು ಹಲ್ಲು ಹುಳುಕಾದ್ರೆ ಮಿಕ್ಕಿದ್ದು ಉಳ್ಕೊಳ್ಳುತ್ತೆ ನೋಡಿ, ಹಾಗೆ."

ರೇಮಂಡ್ ಕೆಮ್ಮಿದ. ಮತ್ತೆ ಕೆಮ್ಮಿದ. ಬಾಗಿಲು ತೆರೆಯಿತು.

"ಓ," ಎಂದರು ಮೇಷ್ಟ್ರು, "ನೀವೇನಾ? ಬೇಜಾರು ಮಾಡ್ಕೋಬೇಡಿ ತಾಯಿ, ನಿಮ್ಮಿಂದ ಇಡೀ ಕಟ್ಟಡಕ್ಕೆ ಉಪಕಾರ."

ಹುಡುಗಿ ನನ್ನ ಮೊಣಕೈ ಹಿಡಿದುಕೊಂಡಳು. "ಆಂಟಿ, ಒಬ್ರೇ ಇರ್ತೀರಾ ಅಲ್ಲಿ? ಭಯ ಆಗಲ್ವಾ?" ಅವಳ ಕೈ ಬಿಸಿಯಾಗಿತ್ತು. ಬಾಗಿಲು ಮುಚ್ಚಲು ಬಂದು, ನನ್ನ ಕಾಲು ತಾಗಿ, ಮತ್ತೆ ತೆರೆಯಿತು. ಹೇಳಲು ಅಷ್ಟು ಸಮಯ ಸಾಕಿತ್ತು.

ಹೇಳಲಿಲ್ಲ. ನಿನ್ನ ಸಾಲು ಬರಲಿ ಎಂದು ಕಾದಿದ್ದೇನೆ. ಆದರೆ ಈಗ ಕೇಳುತ್ತಿರುವುದು ಶಾನ್‌ಗಾಗಿ ಮಾತ್ರವೇ ಎಂದು ನನಗೇ ಸ್ಪಷ್ಟವಿಲ್ಲ. ಆ ಹುಡುಗಿ ತೊಟ್ಟಿಲು ಇಡುವುದು ಆ ಕೋಣೆಯಲ್ಲಿ. ಅದು ನಿನಗೆ ಗೊತ್ತಿರಬೇಕು.

ಯುಕ್-ಲಿನ್

*

ಮಕಾವ್
6 ನವೆಂಬರ್ 2023

ಅಕ್ಕ,

ಗೊತ್ತಿದೆ. ಬಸುರಿಯೆಂದು ರೇಮಂಡ್ ಹೇಳಿದ್ದ. ಒಳ್ಳೆಯದು, ಬೇಗ ಸಹಿ ಹಾಕುತ್ತಾರೆ ಎಂದುಕೊಂಡೆ. ಈಗ ನೀನು ನನ್ನನ್ನು ಏನೆಂದು ಬೇಕಾದರೂ ಕರೆ.

ಲಿಫ್ಟಿನ ಆ ಮಾತು ಆಡಿದವನು ವಾ-ಕಿಟ್. ನೀನು ಮರೆತಿದ್ದೀಯೆ. ನೀನು ಮರೆತಿರುವುದು ಅದೊಂದೇ ಅಲ್ಲ.

ಏಳನೆಯ ದಿನ ನಾನು ಅವನಿಗೆ ಊಟದ ಮೇಜು ಹಾಕಿದೆ. ಹೋದ ಜೀವ ಆ ದಿನ ಮನೆಗೆ ಬಂದು ಹೋಗುತ್ತದೆ ಎನ್ನುತ್ತಾರಲ್ಲ. ಬಾಗಿಲು ತೆರೆದಿಟ್ಟು ಕೂತೆ. ಲಿಫ್ಟು ಮೇಲೆ ಕೆಳಗೆ ಓಡಾಡುವ ಸದ್ದು ಕೇಳುತ್ತಿತ್ತು. ಒಂದು ಸಲ ಬಿಟ್ಟರೆ ನನ್ನ ಮಹಡಿಯಲ್ಲಿ ನಿಲ್ಲಲಿಲ್ಲ. ಆ ಗುಂಡಿ ಒತ್ತಲು ಜನ ಹೆದರಿದರು. ಆಗಲಿ, ಜನ. ನಾನು ಜನರಿಗಾಗಿ ಕೂತಿರಲಿಲ್ಲ. ಶಾನ್‌ಗೆ ಪರೀಕ್ಷೆಯಿದೆ, ಮನೆಗೆ ಸೂತಕ ತರುವುದು ಬೇಡ ಎಂದು ನೀನು ಕ್ವಾನ್ ಮಾಮನಿಗಿಂತ ಮೊದಲಿದ್ದ ಕಾವಲಿನವನ ಕೈಲಿ ಹೇಳಿ ಕಳಿಸಿದೆ. ಜೊತೆಗೆ ಒಂದು ಡಬ್ಬ ಗಂಜಿ. ಅವನು ಅದನ್ನು ಲಿಫ್ಟಿನಲ್ಲೇ ಇಟ್ಟು, ಗುಂಡಿ ಒತ್ತಿ, ತಾನು ಹೊರಗೆ ನಿಂತ. ಗಂಜಿ ಒಂದೇ ಮೇಲೆ ಬಂತು.

ಮೂರು ಮಹಡಿ, ಅಕ್ಕ.

ಪತ್ರಿಕೆಯಲ್ಲಿ ನಿನ್ನ ಮನೆಯ ನಂಬರು ಕಂಡಾಗ ನಾನು ನಗಲಿಲ್ಲ. ತಿದ್ದಿಸಲೂ ಇಲ್ಲ. ಯಾವ ಮಗಳಿಗೆ ತಾಗಬಾರದೆಂದು ನೀನು ಬಾಗಿಲು ಹಾಕಿಕೊಂಡೆಯೋ ಅವಳಿಗೇ ಇಷ್ಟು ವರ್ಷದ ಮೇಲೆ ತಾಗಿತು. ಇದನ್ನು ನಾನು ಮಾಡಿದ್ದಲ್ಲ. ಬೀದಿಯಲ್ಲಿ ನಿಂತು ಎಣಿಸಿದವನು ಯಾರೋ, ನನಗೆ ಅವನ ಮುಖವೂ ಗೊತ್ತಿಲ್ಲ.

ಸಾಲು ಈಗ ಕೊಡುವುದಿಲ್ಲ. ನಾದಿನಿ ಪೆಟ್ಟಿಗೆಗಳನ್ನು ತರಿಸಿ ನನ್ನ ಸಾಮಾನು ಕಟ್ಟಿಸಿದ್ದಾಳೆ, ನನ್ನ ಹಾಸಿಗೆಯ ಸುತ್ತ ಜೋಡಿಸಿದ್ದಾಳೆ. ಬೆಳಿಗ್ಗೆ ಏಳುವಾಗ ಅವುಗಳ ನಡುವಿನಿಂದ ಅಡ್ಡಡ್ಡ ಬರಬೇಕು.

ನಿನಗೆ ಅಷ್ಟು ಸಂಕಟವಾದರೆ ಆ ಹುಡುಗಿಗೆ ನೀನೇ ಹೇಳು. ನಿನ್ನ ಬಾಯಿ ನಾನು ಕಟ್ಟಿಲ್ಲ. ಹೇಳಿದ ಮೇಲೆ ಒಂದು ಕಾಗದ ಹಾಕು, ಪೆಟ್ಟಿಗೆಗಳನ್ನು ಬಿಚ್ಚಿಡಬೇಕೋ ಬೇಡವೋ ಎಂದು ತಿಳಿಯಲು.

ಸಾವ್-ಕಿಂಗ್

*

ತೊ ಕ್ವಾ ವಾನ್
19 ನವೆಂಬರ್ 2023

ಸಾವ್-ಕಿಂಗ್,

ನಿನ್ನ ಕಾಗದಕ್ಕೆ ಇದು ಉತ್ತರವಲ್ಲ. ಆದದ್ದನ್ನು ಮಾತ್ರ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಯಿನ್-ತಿಂಗ್ ನನ್ನ ಮನೆಗೆ ಬಂದಳು. ಒಬ್ಬಳೇ. ಹೊಸ್ತಿಲಿನ ಹೊರಗೆ ಸ್ವಲ್ಪ ಹೊತ್ತು ನಿಂತು, ಉಸಿರು ಬಿಗಿಹಿಡಿದು, ನೀರಿಗೆ ಇಳಿಯುವವರ ಹಾಗೆ ಒಳಗೆ ಕಾಲಿಟ್ಟಳು. ಕೈಯಲ್ಲಿ ಚಕ್ಕೋತದ ಎಲೆಗಳ ಕಟ್ಟು. "ನಮ್ಮಮ್ಮ ಕಳಿಸಿದ್ರು ಆಂಟಿ. ಬಿಸಿನೀರಿಗೆ ಹಾಕಿ ಮನೆ ಒರೆಸ್ಬೇಕಂತೆ, ಕೆಟ್ಟದ್ದು ಹೋಗುತ್ತೆ." ಕೆಟ್ಟ ಮನೆಯೆಂದು ತಿಳಿದೂ ಬಸುರಿ ಹುಡುಗಿಯೊಬ್ಬಳು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಚಹಾಕ್ಕೆ ನೀರಿಟ್ಟೆ.

"ಆಂಟಿ, ಒಂದು ಕೇಳ್ಲಾ? ಬೈಬೇಡಿ."

"ಕೇಳು."

"ನಮ್ಮತ್ತೆ ಅಂತಾರೆ, ಪಟ್ಟೀಲಿ ಒಂದೊಂದ್ಸಲ ತಪ್ಪಿರುತ್ತಂತೆ. ಮೇಲಿನ ಮನೇದು ಕೆಳಗಿನ ಮನೆಗೆ ಬರ್ದಿರ್ತಾರಂತೆ. ನಂಗೆ ಮೂರು ದಿನದಿಂದ ನಿದ್ದೆ ಇಲ್ಲ. ಮೇಷ್ಟ್ರು ಏನಾದ್ರೂ ಹೇಳ್ಲಿ, ನೀವು ಇಲ್ಲೇ ಇರೋರು. ಅದು… ಇಲ್ಲೇ ಆಗಿದ್ದು, ಹೌದಲ್ವಾ?"

ಎರಡು ತಿಂಗಳಿಂದ ನನ್ನ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ನೀನು ಕೊಡದ ಆ ಸಾಲೇ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ ಅದನ್ನು ಹೇಳಿಕೊಂಡು ನೋಡಿದ್ದೆ. ಬಾಯಿ ತೆರೆದೆ.

"ಹೌದು," ಎಂದೆ. "ಇಲ್ಲೇ."

"ಯಾರು, ಆಂಟಿ?"

"ನಮ್ಮೋರೇ ಒಬ್ರು."

ಅವಳ ಭುಜಗಳು ಕೆಳಗಿಳಿದವು. ಹೊಟ್ಟೆಯ ಮೇಲೆ ಕೈಯಿಟ್ಟು, "ಪಾಪ," ಎಂದಳು. ಯಾರಿಗೆ ಅಂದಳೋ. ಆಮೇಲೆ, ಕೇಳದೆ ಇರಲಾರದವಳ ಹಾಗೆ, ಹೇಗಿದ್ದರು ಎಂದು ಕೇಳಿದಳು. ಹೇಳಿದೆ. ಲಿಫ್ಟಿನಲ್ಲಿ ಜನರನ್ನು ನಗಿಸುತ್ತಿದ್ದರು, ಯಾರ ರೇಡಿಯೋ ಕೆಟ್ಟರೂ ಬಿಚ್ಚಿ ಕೂರುತ್ತಿದ್ದರು, ಬಿಚ್ಚಿದ್ದರಲ್ಲಿ ಅರ್ಧ ಮತ್ತೆ ಹಾಡಲಿಲ್ಲ. ಅವಳು ನಕ್ಕಳು. ನನಗೆ ಇನ್ನೂ ಹೇಳಬೇಕೆನಿಸಿತು. ಆರು ವರ್ಷದಲ್ಲಿ ಅವನ ಬಗ್ಗೆ ಒಂದು ಮಾತೂ ಆಡಿಲ್ಲ ನಾನು, ಯಾರೊಡನೆಯೂ.

ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಬೇಡ. ಅವಳಿಗೆ ನಾನು ಮೋಸ ಮಾಡಿದೆ. ಅವಳು ನಿನ್ನೆ ಚೆನ್ನಾಗಿ ನಿದ್ದೆ ಮಾಡಿರುತ್ತಾಳೆ. ಎರಡೂ ನಿಜ.

ಅವಳು ಸಿಟ್ ಮೇಷ್ಟ್ರಿಗೆ ಹೇಳಿದಳು, ಅವರು ಬೀಗಿತ್ತಿಗೆ ಹೇಳಿದರು. ಸಂಜೆಯೊಳಗೆ ಶಾನ್‌ಳ ಫೋನ್.

"ಅಮ್ಮಾ, ನೀನೇ ಒಪ್ಕೊಂಡ್ಯಂತೆ."

"ಹೂಂ."

"ಎರಡು ತಿಂಗ್ಳಿಂದ ಅವ್ರ ಹತ್ರ ಜಗಳ ಆಡಿದೀನಿ. ನಮ್ಮಮ್ಮ ಸುಳ್ಳು ಹೇಳಲ್ಲ ಅಂತ. ಈಗ ಅತ್ತೆ ಏನಂದ್ರು ಗೊತ್ತಾ? 'ನಿಮ್ಮಮ್ಮ ಸುಳ್ಳು ಹೇಳಲ್ಲ ಬಿಡು, ನಿಜಾನೇ ಹೇಳಿದಾರೆ' ಅಂದ್ರು. ನಿಂಗೆ ಆ ಸಾವ್-ಕಿಂಗ್ ಆಂಟಿ ನನ್ಗಿಂತ ಹೆಚ್ಚಾ?"

ಅವಳು ಫೋನ್ ಇಟ್ಟಳು. ಇವತ್ತು ಬಂದು ತನ್ನ ಬಟ್ಟೆಗಳನ್ನು ತೆಗೆದುಕೊಂಡು ಹೋದಳು. ಚಕ್ಕೋತದ ಎಲೆ ಬಕೆಟ್ಟಿನಲ್ಲಿತ್ತು. ಅದೇನು ಎಂದು ಕೇಳಲಿಲ್ಲ.

ಪೆಟ್ಟಿಗೆಗಳನ್ನು ಬಿಚ್ಚಬೇಡ.

ಯುಕ್-ಲಿನ್

*

ಮಕಾವ್
17 ಡಿಸೆಂಬರ್ 2023

ಅಕ್ಕ,

ಸಹಿ ಆಯಿತು. ಬೀಗದ ಕೈ ಕೊಟ್ಟೆ.

ನಿನ್ನ ಹಿಂದಿನ ಕಾಗದವನ್ನು ಎಷ್ಟು ಸಲ ಓದಿದೆನೋ. ಹಾಗೆ ಮಾಡು ಎಂದು ನಾನು ಕೇಳಿರಲಿಲ್ಲ. ಬೈದು ಬರೆದದ್ದು ನೀನು ಬೈಯಲಿ ಎಂದು. ನೀನು ಯಾವತ್ತೂ ಹೀಗೆಯೇ, ಜಗಳಕ್ಕೆ ಕರೆದರೆ ಬರುವುದಿಲ್ಲ.

ನಾಳೆ ಗಡಿ ದಾಟುತ್ತೇನೆ. ಚುಹಾಯ್‌ನ ಮನೆಯ ಬಾಗಿಲಿಗೆ ಇನ್ನೂ ನಂಬರು ಬರೆದಿಲ್ಲವಂತೆ, ವಿಳಾಸ ಆಮೇಲೆ ಕಳಿಸುತ್ತೇನೆ. ಮಾತು ಕೊಟ್ಟಂತೆ, ಸಾಲು ಕೆಳಗಿದೆ. ಮುದ್ರೆಯನ್ನೂ ಒತ್ತಿದ್ದೇನೆ.

ನನ್ನ ಗಂಡ ಔ ವಾ-ಕಿಟ್ ತೀರಿಕೊಂಡದ್ದು ಫೂಕ್ ಶಿಂಗ್ ಕಟ್ಟಡದ 18-ಬಿಯಲ್ಲಿ, ನಮ್ಮ ಮನೆಯಲ್ಲಿ. 15-ಬಿಯಲ್ಲಿ ಯಾರೂ ತೀರಿಕೊಂಡಿಲ್ಲ.

ಸಾವ್-ಕಿಂಗ್

*

ತೊ ಕ್ವಾ ವಾನ್
22 ಡಿಸೆಂಬರ್ 2023

ಸಾವ್-ಕಿಂಗ್,

ಇದನ್ನು ನಿನ್ನ ನಾದಿನಿಯ ವಿಳಾಸಕ್ಕೇ ಹಾಕುತ್ತೇನೆ. ಅವಳೂ ಹೊರಟಿರಬಹುದು. ಬಾಡಿಗೆಯವರು ಒಳ್ಳೆಯವರಾದರೆ ಎತ್ತಿಟ್ಟಾರು.

ಮದುವೆ ಚೆನ್ನಾಗಿ ಆಯಿತು. ಹೋಟೆಲಿನ ಕೋಣೆಯ ಹೊರಗೆ ಉದ್ದನೆಯ ಕಾರಿಡಾರ್, ಕಾಲಿನ ಸದ್ದು ನುಂಗುವ ಜಮಖಾನೆ. ಗೆಳತಿಯರು ಆ ಬಾಗಿಲಿಗೇ ಅಡ್ಡ ನಿಂತು ಕಿನ್-ಲೋಕ್‌ನಿಂದ ಹಾಡಿಸಿದರು, ಬಸ್ಕಿ ಹೊಡೆಸಿದರು, ನಿಂಬೆಹಣ್ಣು ತಿನ್ನಿಸಿದರು. ಪಕ್ಕದ ಕೋಣೆಯ ವಿದೇಶಿ ಮುದುಕನೊಬ್ಬ ಬಾಗಿಲು ತೆರೆದು ನೋಡಿ, ಚಪ್ಪಾಳೆ ತಟ್ಟಿ, ಮುಚ್ಚಿಕೊಂಡ. ಶಾನ್ ಮಂಡಿಯೂರಿ ನನಗೆ ಚಹಾ ಕೊಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಚೆಲ್ಲಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಕ್ವಾನ್ ಮಾಮ ಕೆಳಗಿನಿಂದ ಕರೆದ. ಹೋದೆ. ಕಿನ್-ಲೋಕ್ ಕೆಂಪು ಪೆಟ್ಟಿಗೆಯಲ್ಲಿ ಸುಟ್ಟ ಹಂದಿಮರಿ ಹಿಡಿದು ಕಾವಲಿನ ಮೇಜಿನ ಪಕ್ಕ ನಿಂತಿದ್ದ. ತಾಯಿಗೆ ಹೇಳದೆ ಬಂದಿದ್ದ.

"ಅತ್ತೆ, ಮೇಲೆ ಬರೋಕಾಗಲ್ಲ. ಆದ್ರೆ ಶಾಸ್ತ್ರ ಬಿಡ್ಬಾರ್ದು ಅಂತ."

"ಅವ್ಳು?"

ಬೀದಿಯ ಕಡೆ ನೋಡಿದ. ಟ್ಯಾಕ್ಸಿಯಲ್ಲಿ ಕೂತಿದ್ದಳು, ಕೆಂಪು ಕೋಟು. ನಾನು ಮೆಟ್ಟಿಲವರೆಗೆ ಹೋದೆ. ಅವಳು ಗಾಜು ಇಳಿಸಿದಳು, ನನ್ನನ್ನು ನೋಡಿದಳು. "ಸ್ವೆಟರ್ ಹಾಕ್ಕೋ ಅಮ್ಮಾ, ಗಾಳಿ ಇದೆ," ಎಂದಳು. ಅಷ್ಟೇ. ಮೀಟರ್ ಓಡುತ್ತಿತ್ತು.

ನಿನ್ನ ಸಾಲು ಬಂತು. ಮುದ್ರೆ ಸ್ಪಷ್ಟವಾಗಿ ಬಿದ್ದಿದೆ. ಇದನ್ನು ಬೀಗಿತ್ತಿಗೆ ತೋರಿಸಿದರೆ ಈಗಲೂ ಶಾನ್ ಮೇಲೆ ಬರಬಹುದು. ತೋರಿಸಿದ ಸಂಜೆಯೊಳಗೆ ಅದು ಸಿಟ್ ಮೇಷ್ಟ್ರಿಗೆ ಮುಟ್ಟುತ್ತದೆ, ಮರುದಿನ ಯಿನ್-ತಿಂಗ್‌ಗೆ. ಅವಳು ಮೊನ್ನೆ ಸಾಮಾನು ಸಾಗಿಸಿದಳು. ತೊಟ್ಟಿಲಿನ ಹಲಗೆಗಳು ಲಿಫ್ಟಿನಲ್ಲಿ ಹಿಡಿಸದೆ ಕ್ವಾನ್ ಮಾಮ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ನನ್ನ ಬಾಗಿಲ ಮುಂದೆ ದಮ್ಮು ತೆಗೆದುಕೊಳ್ಳಲು ನಿಂತು, "ಇನ್ನೂ ಮೂರು ಮಹಡಿ, ಮೇಡಮ್," ಎಂದ. ಒಂದು ತುದಿ ನಾನು ಹಿಡಿದೆ. ಹೋಗಿ ಬಂದೆ.

ಸಾಲನ್ನು ಹರಿದಿಲ್ಲ. ತೋರಿಸಿಲ್ಲ.

ಇವತ್ತು ಚಳಿಗಾಲದ ಹಬ್ಬ. ಅಂಗಡಿಗಳು ಬೇಗ ಮುಚ್ಚಿದವು, ಎಲ್ಲರೂ ಊಟಕ್ಕೆ ತಮ್ಮ ತಮ್ಮ ಮನೆಗೆ. ಶಾನ್ ಅವರ ಮನೆಯಲ್ಲಿ ಉಣ್ಣಬೇಕು, ಅದು ಸರಿಯೇ. ಅಕ್ಕಿಹಿಟ್ಟಿನ ಉಂಡೆ ಕಟ್ಟಲು ಕೂತೆ. ಒಬ್ಬಳಿಗೆ ಎಷ್ಟು ಹಿಟ್ಟು ಕಲಸಬೇಕೆಂದು ಕೈಗೆ ತಿಳಿಯಲಿಲ್ಲ, ಹೆಚ್ಚಾಯಿತು. ಎರಡನೆಯ ಬಟ್ಟಲು ತೆಗೆದೆ. ಇಲ್ಲೇ ಎಂದು ಬಾಯಲ್ಲಿ ಅಂದ ಮೇಲೆ ಅವನು ಇಲ್ಲಿಯವನೇ. ಹಬ್ಬದ ದಿನ ಬಡಿಸದೆ ಇರಲು ಬರುವುದಿಲ್ಲ.

ಯುಕ್-ಲಿನ್

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಒಲೆಯ ಮೇಲೆ ನೀರು ಕುದಿಯುತ್ತಿದೆ. ಕೆಲವು ಉಂಡೆಗೆ ಎಳ್ಳು ತುಂಬಿದ್ದೇನೆ, ಕೆಲವಕ್ಕೆ ಕಡಲೆಕಾಯಿ. ಇಷ್ಟು ವರ್ಷ ಒಂದೇ ಲಿಫ್ಟಿನಲ್ಲಿ ಓಡಾಡಿದರೂ ಇದನ್ನು ಗಮನಿಸಿಲ್ಲ. ಸಾವ್-ಕಿಂಗ್, ವಾ-ಕಿಟ್‌ಗೆ ಯಾವುದು ಸೇರುತ್ತಿತ್ತು?